ಜಗಲಿಗೆ ಇಳಿದ ಪರದೆ

ಮನೆಯ ಮುಂದಿನ ವರಾಂಡಕ್ಕೆ ಪರದೆ ಹಾಕಿಸಲು ಹೊರಟವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಬಣ್ಣದ್ದು. ಎರಡನೆಯದು, ಎಳೆಯಲು ಹಗ್ಗ ಸಾಕೋ, ಮಣಿಸರ ಬೇಕೋ, ಮೋಟಾರೇ ಆಗಬೇಕೋ ಎಂಬುದು. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅಂಗಡಿಯವರೂ ಕೇಳುವುದಿಲ್ಲ, ಕೊಳ್ಳುವವರಿಗೂ ಹೊಳೆಯುವುದಿಲ್ಲ. ಪರದೆ ಬೇಕಾಗಿರುವುದು ಹಗಲಿಗೋ, ರಾತ್ರಿಗೋ?

ಬಿದಿರ ಕಡ್ಡಿಯದಾಗಲಿ, ಪ್ಲಾಸ್ಟಿಕ್ ಎಳೆಯ ಬಲೆಯದಾಗಲಿ, ಸಂದು ಇರುವ ಎಲ್ಲ ಪರದೆಗಳೂ ಒಂದೇ ನಿಯಮಕ್ಕೆ ಒಳಪಟ್ಟಿವೆ. ಬೆಳಕಿನಲ್ಲಿ ನಿಂತವನಿಗೆ ಪರದೆಯ ಆಚೆ ನೆರಳಿನಲ್ಲಿರುವುದು ಕಾಣುವುದಿಲ್ಲ. ನೆರಳಿನಲ್ಲಿ ಕುಳಿತವನಿಗೆ ಬೆಳಕಿನಲ್ಲಿರುವುದೆಲ್ಲ ಕಾಣುತ್ತದೆ. ಮಧ್ಯಾಹ್ನ ಬೀದಿಯಲ್ಲಿ ಹೋಗುವವರಿಗೆ ವರಾಂಡದಲ್ಲಿ ಕುಳಿತವರ ಸುಳಿವೇ ಸಿಗದು. ಕುಳಿತವರಿಗೆ ಮಾತ್ರ ಬೀದಿಯ ಸಮಸ್ತ ವ್ಯವಹಾರವೂ ತಿಳಿಯುತ್ತಿರುತ್ತದೆ. ಸಂಜೆ ಒಳಗಿನ ದೀಪ ಹಾಕಿದೊಡನೆ ಅದೇ ಪರದೆ ಪಕ್ಷಾಂತರ ಮಾಡುತ್ತದೆ. ಆಗ ಒಳಗಿರುವವರು ನಾಟಕದ ರಂಗದ ಮೇಲೆ ಕುಳಿತಂತೆ, ಬೀದಿಯವರೇ ಪ್ರೇಕ್ಷಕರು.

ಈ ನಿಯಮವನ್ನು ಸ್ವತಃ ಅನುಭವಿಸಿ ಬರೆದಿಟ್ಟವನೊಬ್ಬನಿದ್ದಾನೆ. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ರಾಯಭಾರಿಯಾಗಿ 1615ರಿಂದ 1619ರವರೆಗೆ ಭಾರತದಲ್ಲಿದ್ದ ಸರ್ ಥಾಮಸ್ ರೋ. 1616ರಲ್ಲಿ ಮೊಗಲ್ ಚಕ್ರವರ್ತಿ ಜಹಾಂಗೀರ್ ಅಜ್ಮೀರದಲ್ಲಿದ್ದ. ಅವನು ಗವಾಕ್ಷಿಯಲ್ಲಿ ಕಾಣಿಸಿಕೊಂಡ ಒಂದು ಸಂದರ್ಭದಲ್ಲಿ ಪಕ್ಕದ ಕಿಟಕಿಯಲ್ಲಿ ಅವನ ಇಬ್ಬರು ಪ್ರಮುಖ ರಾಣಿಯರಿದ್ದರು. ಮುಂದೆ ಜೊಂಡಿನ ಪರದೆ ಇಳಿಬಿಟ್ಟಿತ್ತು. ವಿಚಿತ್ರ ಉಡುಪಿನ ಪರದೇಶಿಯನ್ನು ಚೆನ್ನಾಗಿ ನೋಡಬೇಕೆಂಬ ಕುತೂಹಲದಿಂದ ರಾಣಿಯರು ಪರದೆಯ ಕಡ್ಡಿಗಳನ್ನು ಸರಿಸಿ ಸಣ್ಣ ಸಣ್ಣ ಕಿಂಡಿ ಮಾಡಿಕೊಂಡರು. ರೋಗೆ ಮೊದಲು ಕಂಡದ್ದು ಬೆರಳುಗಳು. ಆಮೇಲೆ ಒಂದು ಕಣ್ಣು, ಮತ್ತೊಂದು ಕಣ್ಣು. ಬೇರೆ ಬೆಳಕಿಲ್ಲದಿದ್ದರೂ ಅವರ ವಜ್ರ ಮುತ್ತುಗಳ ಹೊಳಪೇ ಅವರನ್ನು ತೋರಿಸಲು ಸಾಕಾಗಿತ್ತು ಎಂದು ಅವನು ದಿನಚರಿಯಲ್ಲಿ ಬರೆದುಕೊಂಡ. ಅವನು ತಲೆಯೆತ್ತಿ ನೋಡಿದಾಗ ಅವರು ಹಿಂದೆ ಸರಿದರು. ಅವರ ಸಂತೋಷ ನೋಡಿ, ತನ್ನನ್ನು ನೋಡಿಯೇ ನಗುತ್ತಿದ್ದಾರೆಂದು ಅವನಿಗೆ ಅನ್ನಿಸಿತಂತೆ.

ಪರದೆ ಎಂದೊಡನೆ ಹೆಣ್ಣನ್ನು ಅಡಗಿಸುವ ಸಾಧನ ಎಂದಷ್ಟೇ ಯೋಚಿಸುವ ನಮಗೆ ಈ ಪ್ರಸಂಗ ಬೇರೊಂದು ಮುಖವನ್ನು ತೋರಿಸುತ್ತದೆ. ಅಲ್ಲಿ ನೋಡುತ್ತಿದ್ದವರು ರಾಣಿಯರು, ಪ್ರದರ್ಶನದ ವಸ್ತುವಾಗಿದ್ದವನು ರಾಯಭಾರಿ. ಇದು ಒಂದು ಕ್ಷಣದ ಮಾತು ಮಾತ್ರ ಎಂಬುದನ್ನು ಮುಂದೆ ನೋಡೋಣ.

ಜಗಲಿಯೂ ವರಾಂಡವೂ

ವರಾಂಡ ಎಂಬ ಮಾತು ನಮ್ಮಲ್ಲಿ ಎಷ್ಟು ಬೆರೆತಿದೆಯೆಂದರೆ ಅದು ಹೊರಗಿನದೆಂದು ಅನ್ನಿಸುವುದೇ ಇಲ್ಲ. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮನ ಯಾನದ ವೃತ್ತಾಂತದಲ್ಲೇ ಈ ಪದವಿದೆ. ದೊಡ್ಡದೊಂದು ಲೋಹದ ದೀಪ ಉರಿಯುತ್ತಿದ್ದ ವರಾಂಡದಲ್ಲಿ ತಾವು ಕಾದಿದ್ದ ಸಂಗತಿಯನ್ನು ವೃತ್ತಾಂತಕಾರ ದಾಖಲಿಸಿದ್ದಾನೆ. ಪೋರ್ಚುಗೀಸರು ಇಲ್ಲಿಯ ಹಜಾರಗಳನ್ನು ನೋಡಿ ತಮ್ಮ ಭಾಷೆಯ ಹೆಸರಿಟ್ಟರು. ಇಂಗ್ಲಿಷರು ಆ ಹೆಸರನ್ನು ಭಾರತದಿಂದ ಎತ್ತಿಕೊಂಡು ಪ್ರಪಂಚಕ್ಕೆಲ್ಲ ಹಂಚಿದರು.

ಆದರೆ ವಸ್ತು ನಮ್ಮದೇ. ಹಳೆಯ ಮೈಸೂರು ಸೀಮೆಯ ಜಗಲಿ, ಉತ್ತರ ಕರ್ನಾಟಕದ ಕಟ್ಟೆ ಮತ್ತು ಪಡಸಾಲೆ, ಕರಾವಳಿಯ ಚಾವಡಿ - ಇವೆಲ್ಲ ಮನೆಗೂ ಬೀದಿಗೂ ನಡುವಿನ ಜಾಗಗಳು. ಜಗಲಿಗೆ ಪರದೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಏಕೆಂದರೆ ಮನೆಯೇ ಪದರ ಪದರವಾದ ಪರದೆಯಾಗಿತ್ತು. ಯಾರು ಜಗಲಿಯವರೆಗೆ ಬರಬಹುದು, ಯಾರು ಪಡಸಾಲೆಗೆ, ಯಾರು ನಡುಮನೆಗೆ, ಯಾರು ಜಗಲಿಯನ್ನೂ ಹತ್ತದೆ ಬೀದಿಯಲ್ಲೇ ನಿಲ್ಲಬೇಕು ಎಂಬುದು ಜಾತಿ ಮತ್ತು ಲಿಂಗದ ಮೇಲೆ ಮೊದಲೇ ಗೊತ್ತಾಗಿರುತ್ತಿತ್ತು. ಗಂಡಸರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ವ್ಯವಹಾರ ಮಾತಾಡುತ್ತಿದ್ದರೆ ಹೆಂಗಸರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕಣ್ಣಿಗೆ ಕಾಣುವ ಪರದೆಯನ್ನು ಬೇಕೆಂದಾಗ ಎತ್ತಬಹುದು. ಈ ಪರದೆಗೆ ಎಳೆಯುವ ಹಗ್ಗವಿರಲಿಲ್ಲ.

ಹಾಗೆಂದು ತೆರೆದ ಜಾಗವನ್ನು ಆಮೇಲೆ ಮುಚ್ಚುವ ಪದ್ಧತಿ ನಮಗೆ ಹೊಸದೇನಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಇಂದು ಪ್ರವಾಸಿಗಳು ಬೆರಗಿನಿಂದ ನೋಡುವ ಕಲ್ಲಿನ ಜಾಲಂಧ್ರಗಳು ಅಲ್ಲಿಗೆ ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಒಳಗಿನ ಅರೆಗತ್ತಲು ಮೂಲ ಶಿಲ್ಪಿಯ ಕಲ್ಪನೆಯಲ್ಲ.

ಚಿಕ್, ತಟ್ಟಿ, ಲಾವಂಚ

ಕಲ್ಲಿನ ಜಾಲಂಧ್ರವನ್ನು ಸುತ್ತಿಡಲಾಗದು. ಸುತ್ತಿಡಬಹುದಾದ ಪರದೆಗೆ ಉತ್ತರ ಭಾರತದಲ್ಲಿ ಚಿಕ್ ಎಂದು ಹೆಸರು. ಬಿದಿರನ್ನು ತೆಳ್ಳಗೆ ಸೀಳಿ, ಕಡ್ಡಿ ಮಾಡಿ, ನೂಲಿನಿಂದ ಸಾಲಾಗಿ ಹೆಣೆದದ್ದು ಅದು. 1886ರಲ್ಲಿ ಪ್ರಕಟವಾದ, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಚಿಕ್ಕಿಗೂ ತಟ್ಟಿಗೂ ಪ್ರತ್ಯೇಕ ನಮೂದುಗಳಿವೆ. ಚಿಕ್ ಮನೆಗಳ ಬಾಗಿಲು ಕಿಟಕಿಗಳಿಗಷ್ಟೇ ಅಲ್ಲ, ಡೇರೆಗಳಿಗೂ ಬೇಕಾದ ವಸ್ತುವಾಗಿತ್ತೆಂಬುದು ಅಲ್ಲಿಂದ ತಿಳಿಯುತ್ತದೆ. ದಂಡಿನೊಡನೆ ಊರೂರು ತಿರುಗುವವರಿಗೆ ಸುತ್ತಿ ಹೆಗಲಿಗೇರಿಸಬಹುದಾದ ಗೋಡೆ ಎಂದರೆ ಇದೇ.

ಚಿಕ್ ಮೇಲೇರುವ ಕ್ರಮ ಸರಳವಾದರೂ ಜಾಣತನದ್ದು. ಮೇಲಿನ ತೊಲೆಗೆ ಹಗ್ಗದ ಒಂದು ತುದಿಯನ್ನು ಕಟ್ಟಿ, ಪರದೆಯ ಹಿಂಬದಿಯಿಂದ ಇಳಿಸಿ, ಕೆಳ ಅಂಚನ್ನು ಬಳಸಿ ಮುಂಬದಿಯಿಂದ ಮತ್ತೆ ಮೇಲಕ್ಕೆ ತಂದು ಬಳೆಯಲ್ಲಿ ತೂರಿಸುತ್ತಾರೆ. ಹಗ್ಗ ಎಳೆದರೆ ಪರದೆ ಹಗ್ಗದ ಉಯ್ಯಾಲೆಯೊಳಗೆ ಕುಳಿತು ತಾನೇ ಉರುಳುತ್ತ ಸುರುಳಿಯಾಗುತ್ತದೆ. ಚಕ್ರವಿಲ್ಲ, ಮೊಳೆಯಿಲ್ಲ, ಎಣ್ಣೆ ಹಾಕುವ ಕೆಲಸವಿಲ್ಲ. ಎಡಗಡೆ ಬಲಗಡೆಯ ಹಗ್ಗಗಳನ್ನು ಒಂದೇ ಸಮ ಎಳೆಯದಿದ್ದರೆ ಒಂದು ಕಡೆ ಸೊಟ್ಟಗಾಗುವುದೊಂದೇ ದೋಷ. ಈ ದೋಷದಿಂದ ಹುಟ್ಟಿದ ಗೃಹಕಲಹಗಳಿಗೆ ಲೆಕ್ಕ ಇಟ್ಟವರಿಲ್ಲ.

ಚಿಕ್ಕಿಗೆ ಹತ್ತಿರದ ಸಂಬಂಧಿ ಲಾವಂಚದ ತಟ್ಟಿ. ಬಿದಿರಿನ ಚೌಕಟ್ಟಿಗೆ ಲಾವಂಚದ ಬೇರನ್ನು ತುಂಬಿ ನೀರು ಚಿಮುಕಿಸಿದರೆ ಬೇಸಿಗೆಯ ನಡುವೆಯೇ ಚಳಿಗಾಲ ಬಂದಂತಾಗುತ್ತದೆಂದೂ, ಅಕ್ಬರನ ಅಪ್ಪಣೆಯಿಂದ ಈ ಬಳಕೆ ಹರಡಿತೆಂದೂ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಹೇಳಿದ್ದಾನೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುವುದೇ ಇದರ ಗುಟ್ಟು. ಆದ್ದರಿಂದ ಇದು ರಾಯಚೂರು, ಬಳ್ಳಾರಿಯಂಥ ಒಣಹವೆಯ ಊರುಗಳಿಗೆ ಒಗ್ಗುತ್ತದೆ. ಮಂಗಳೂರಿನಲ್ಲಿ ಲಾವಂಚದ ತಟ್ಟಿಗೆ ಎಷ್ಟು ನೀರು ಹೊಯ್ದರೂ ಗೋಡೆ ಹಸಿಯಾಗುವುದಷ್ಟೇ ಲಾಭ. ಅಲ್ಲಿಯವರಿಗೆ, ಮಲೆನಾಡಿನವರಿಗೆ ಬೇಕಾದದ್ದು ಎರಚಲು ಮಳೆಯನ್ನು ತಡೆಯುವ ಸೋಗೆಯ ತಟ್ಟಿ. ಮಳೆಗಾಲಕ್ಕೆ ಮುಂಚೆ ಕಟ್ಟಿ, ಮಳೆ ನಿಂತ ಮೇಲೆ ಬಿಚ್ಚುವಂಥದ್ದು; ದಿನಕ್ಕೊಮ್ಮೆಯಲ್ಲ, ವರ್ಷಕ್ಕೊಮ್ಮೆ ಎತ್ತುವ ಪರದೆ.

ಕರ್ನಾಟಕದಲ್ಲಿ ವರಾಂಡದ ಪರದೆಯನ್ನು ಅದರ ನಿಜವಾದ ಕೆಲಸದಲ್ಲಿ ನೋಡಬೇಕೆನ್ನುವವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಗೆ ಸುತ್ತಲೂ ವರಾಂಡ. ದೂರದಿಂದ ನೋಡಿದವರಿಗೆ ನಿರಾಸೆಯೇ ಆಗುತ್ತದೆ. ಕಾಣುವುದು ಸುತ್ತ ಇಳಿಬಿಟ್ಟ ಹಸಿರು ಪರದೆಗಳು ಮಾತ್ರ. ಅವುಗಳ ಹಿಂದೆ ಹೋದಾಗ ಪಶ್ಚಿಮದ ಗೋಡೆಯ ಮೇಲೆ ಇಡೀ ಸೈನ್ಯವೇ ಎದುರಾಗುತ್ತದೆ: ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆ, 1780ರ ಪೊಲ್ಲಿಲೂರು ಕದನ, ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೈಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ, ತನ್ನ ದೇಶದವರ ಸೋಲನ್ನು ಬಿಡಿಸಿದ ಈ ಚಿತ್ರಗಳನ್ನೇ ದುರಸ್ತಿ ಮಾಡಿಸಿದ. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರ ಶತ್ರು. ಇಲ್ಲಿ ಪರದೆ ಯಾರ ಮಾನವನ್ನೂ ಕಾಯುತ್ತಿಲ್ಲ, ಬಣ್ಣವನ್ನು ಕಾಯುತ್ತಿದೆ. ಪರದೆ ಆರಿಸುವವರು ಇಲ್ಲಿಂದ ಕಲಿಯಬೇಕಾದದ್ದೂ ಇದೆ. ಪಶ್ಚಿಮಕ್ಕೆ ಮುಖ ಮಾಡಿದ ವರಾಂಡದಲ್ಲಿ ಬಿಸಿಲನ್ನು ಚಾವಣಿಯ ಅಂಚಿನಲ್ಲಿ, ಹೊರಗೇ ತಡೆಯಬೇಕು. ಒಳಗೆ ಬಂದ ಬಿಸಿಲಿಗೆ ಕಿಟಕಿಯ ಬಳಿ ಬಟ್ಟೆ ಹಾಕಿದರೆ ಬೆಳಕು ಕಡಿಮೆಯಾದೀತೇ ಹೊರತು ಕಾವು ಕಡಿಮೆಯಾಗದು.

ಪರದೆಯ ಹಿಂದಿನ ಸಹಿ

ಈಗ ರಾಣಿಯರ ನಗುವಿನ ಮಾತಿಗೆ ಹಿಂದಿರುಗೋಣ. ಪರದೆಯ ಹಿಂದಿನಿಂದ ನೋಡುವ ಸುಖ ಇದ್ದದ್ದು ನಿಜ. ಆದರೆ ಸಹಿ ಹಾಕಬೇಕಾದ ದಿನ ಬಂದಾಗ ಆ ಸುಖದ ಬೆಲೆ ತಿಳಿಯುತ್ತಿತ್ತು. ಗಂಡ ಸತ್ತು ಜಮೀನ್ದಾರಿ ಕೈಗೆ ಬಂದ ಪರದಾನಶೀನ್ ಹೆಂಗಸು ವಕೀಲರನ್ನು ಕಾಣುವಂತಿಲ್ಲ, ಗುಮಾಸ್ತನ ಮುಖ ನೋಡುವಂತಿಲ್ಲ, ಕಚೇರಿಗೆ ಹೋಗುವಂತಿಲ್ಲ. ಪರದೆಯ ಕೆಳಗಿನಿಂದ ಕಾಗದ ಒಳಗೆ ಬರುತ್ತದೆ, ಹೆಬ್ಬೆಟ್ಟಿನ ಗುರುತು ಹೊರಗೆ ಹೋಗುತ್ತದೆ. ಕಾಗದದಲ್ಲಿ ಏನಿತ್ತೆಂದು ಅವಳಿಗೆ ಗೊತ್ತಿಲ್ಲ. ಬೆರಳು ಯಾರದೆಂದು ಹೊರಗಿನವರಿಗೆ ಗೊತ್ತಿಲ್ಲ.

ಈ ಕಂದರವನ್ನು ದಾಟಲು ಯತ್ನಿಸಿದವರು ಕಾರ್ನೇಲಿಯಾ ಸೊರಾಬ್ಜಿ. 1866ರಲ್ಲಿ ನಾಸಿಕದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಎನ್ನಿಸಿಕೊಂಡ ಅವರು 1892ರಲ್ಲಿ ಅಲ್ಲಿಯ ಪರೀಕ್ಷೆಗೆ ಕುಳಿತರು. ಆದರೂ ಹೆಣ್ಣೆಂಬ ಕಾರಣಕ್ಕೆ ವಕೀಲಿ ಮಾಡುವ ಹಕ್ಕು ಬಹುಕಾಲ ಸಿಗಲಿಲ್ಲ. ಸರ್ಕಾರದ ಬೆನ್ನುಬಿದ್ದು, 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಪರದಾನಶೀನ್ ಹೆಂಗಸರ ಪರ ಕೆಲಸ ಮಾಡುವ ಸಹಾಯಕಿಯ ಹುದ್ದೆ ಪಡೆದರು. ಅವರಿಗಿದ್ದ ದೊಡ್ಡ ಅರ್ಹತೆ ಆಕ್ಸ್‌ಫರ್ಡ್ ಪದವಿಯಲ್ಲ; ಪರದೆಯ ಒಳಕ್ಕೆ ಹೋಗಿ ಕುಳಿತು ಮಾತಾಡಬಲ್ಲ ವಕೀಲರು ಅವರೆಂಬುದು.

ಪರದೆಯನ್ನು ನಮ್ಮ ಕಾನೂನೂ ಒಪ್ಪಿಕೊಂಡಿದೆ. ಸಂಪ್ರದಾಯದಂತೆ ಹೊರಗೆ ಕಾಣಿಸಿಕೊಳ್ಳದ ಹೆಂಗಸರನ್ನು ನ್ಯಾಯಾಲಯಕ್ಕೆ ಖುದ್ದು ಹಾಜರಾಗುವಂತೆ ಬಲವಂತ ಮಾಡುವಂತಿಲ್ಲ ಎನ್ನುತ್ತದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 132ನೆಯ ಕಲಮು. ರಕ್ಷಣೆಗೆಂದು ಮಾಡಿದ ವಿನಾಯಿತಿ ಅದು. ಆದರೆ ಹಾಜರಾಗಬೇಕಿಲ್ಲದವಳು ಕೇಳಿಸಿಕೊಳ್ಳಬೇಕಾದವಳೂ ಅಲ್ಲ ಎಂದು ಸುತ್ತಲಿನವರು ಅರ್ಥ ಮಾಡಿಕೊಳ್ಳಲು ತಡವಾಗುವುದಿಲ್ಲ.

ಮಂಕಿ ಟಾಪಿನ ಊರು

ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ನೆಲೆಗೊಂಡ ಮೇಲೆ ಇಲ್ಲಿಯ ಬಂಗಲೆಗಳಲ್ಲಿ ವರಾಂಡ ಹೊಸ ರೂಪ ತಾಳಿತು. ಈ ಊರಿನ ಹವೆಗೆ ಲಾವಂಚದ ತಟ್ಟಿಯ ಅಗತ್ಯವೇನೂ ಇರಲಿಲ್ಲ. ಬೇಕಾಗಿದ್ದದ್ದು ಸ್ವಲ್ಪ ನೆರಳು, ಸ್ವಲ್ಪ ಮರೆ. ಪೋರ್ಟಿಕೊ ಹಾಗೂ ಕಿಟಕಿಗಳ ನೆತ್ತಿಯ ಮೇಲೆ ಚೂಪು ತುದಿಯ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಮುಸುಕಿನಂಥ ರಚನೆ ಬಂತು. ಇದಕ್ಕೆ ಮಂಕಿ ಟಾಪ್ ಎಂದು ಹೆಸರಾಯಿತು. ವರಾಂಡದ ಪಕ್ಕಗಳಿಗೆ ಮರದ ಪಟ್ಟಿಗಳನ್ನು ಓರೆಯಾಗಿ ಹೆಣೆದ ಜಾಲರಿ, ಅದರ ಮೇಲೆ ಹಬ್ಬಿಸಿದ ಬಳ್ಳಿ. ಜಾಲರಿ ನಿಂತಲ್ಲೇ ನಿಲ್ಲುತ್ತದೆ, ಬಳ್ಳಿ ಮಾತ್ರ ಕಾಲಕ್ಕೆ ತಕ್ಕಂತೆ ದಟ್ಟವಾಗುತ್ತದೆ, ತೆಳುವಾಗುತ್ತದೆ. ಎತ್ತುವ ಇಳಿಸುವ ಕೆಲಸವನ್ನು ಋತುಗಳಿಗೇ ಬಿಟ್ಟುಕೊಟ್ಟ ಪರದೆ ಇದು.

ಈ ಮನೆಗಳನ್ನು ಶ್ರದ್ಧೆಯಿಂದ ದಾಖಲಿಸಿದವರು ಜಾನೆಟ್ ಪಾಟ್. ಬೆಂಗಳೂರಿನ ಹಳೆಯ ಬಂಗಲೆಗಳ ಕುರಿತ ಅವರ ಪುಸ್ತಕ 1977ರಲ್ಲಿ ಲಂಡನ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಚಿತ್ರಿತವಾದ ಮನೆಗಳನ್ನು ಹುಡುಕುತ್ತ ಹೋದರೆ ಇಂದು ಹೆಚ್ಚಿನ ಕಡೆ ಸಿಗುವುದು ಬಹುಮಹಡಿ ಕಟ್ಟಡ. ಅದರ ಪ್ರತಿ ಮಹಡಿಯಲ್ಲೂ ಜಗಲಿಯ ಮೊಮ್ಮಗಳಂತಿರುವ ಪುಟ್ಟ ಬಾಲ್ಕನಿ ಇರುತ್ತದೆ. ಜಗಲಿಗೆ ಬೇಕಿರದಿದ್ದ ಪರದೆ ಬಾಲ್ಕನಿಗೆ ಬೇಕಾಗುತ್ತದೆ, ಏಕೆಂದರೆ ಎದುರಿನ ಬಾಲ್ಕನಿಯವರು ಬೀದಿಯಲ್ಲಿ ಹಾದುಹೋಗುವವರಲ್ಲ, ಅಲ್ಲೇ ಇರುವವರು.

ಆ ಬಾಲ್ಕನಿಗೆ ಬರುವ ಇಂದಿನ ಪರದೆಯ ಯಂತ್ರ ಅಮೆರಿಕದ್ದು. ಸ್ಟೂವರ್ಟ್ ಹಾರ್ಟ್ಸ್‌ಹಾರ್ನ್ ಎಂಬಾತ 1864ರಲ್ಲಿ ಸ್ಪ್ರಿಂಗ್ ಇರುವ ಉರುಳೆಗೆ ಪೇಟೆಂಟ್ ಪಡೆದ. ಟೊಳ್ಳು ಕೋಲಿನೊಳಗೆ ಸ್ಪ್ರಿಂಗು, ತುದಿಯಲ್ಲಿ ಪುಟ್ಟ ಕೊಕ್ಕೆ. ಮೆಲ್ಲನೆ ಬಿಟ್ಟರೆ ಕೊಕ್ಕೆ ಹಲ್ಲಿಗೆ ಸಿಕ್ಕಿ ಪರದೆ ಅಲ್ಲೇ ನಿಲ್ಲುತ್ತದೆ. ಥಟ್ಟನೆ ಎಳೆದು ಬಿಟ್ಟರೆ, ತಿರುಗುವ ವೇಗಕ್ಕೆ ಕೊಕ್ಕೆ ಹಲ್ಲಿಗೆ ಬೀಳದೆ ಪರದೆ ಸರ್ರನೆ ಮೇಲೇರುತ್ತದೆ. ಇದರಿಂದ ಬಂದ ಹಣದಲ್ಲಿ ಹಾರ್ಟ್ಸ್‌ಹಾರ್ನ್ ನ್ಯೂಜೆರ್ಸಿಯಲ್ಲಿ ಶಾರ್ಟ್ ಹಿಲ್ಸ್ ಎಂಬ ಊರನ್ನೇ ಕಟ್ಟಿದ. ಕಿಟಕಿ ಪರದೆಯಿಂದ ಊರು ಕಟ್ಟಿದವನು ಇನ್ನೊಬ್ಬನಿರಲಾರ.

ಈಗ ಬಲೆಯಂಥ ಬಟ್ಟೆಯನ್ನು ಅದರ ಸಂದಿನ ಪ್ರಮಾಣ ಹೇಳಿ ಮಾರುತ್ತಾರೆ: ಶೇಕಡಾ 1, 3, 5, 10 ಎಂದು. ಸಂಖ್ಯೆ ಕಡಿಮೆಯಾದಷ್ಟೂ ಮರೆ ಹೆಚ್ಚು, ಗಾಳಿ ಕಡಿಮೆ. ಗಾಢ ಬಣ್ಣದ ಬಲೆಯ ಮೂಲಕ ಹೊರಗಿನದು ಸ್ಪಷ್ಟವಾಗಿ ಕಾಣುತ್ತದೆ. ಬಿಳಿಯ ಬಲೆ ತಾನೇ ಬೆಳಗಿ ಕಣ್ಣಿಗೆ ಅಡ್ಡವಾಗುತ್ತದೆ. ಹಳೆಯ ಚಿಕ್ಕುಗಳ ಹೊರಮೈಗೆ ಮಾತ್ರ ಬಣ್ಣ ಬಳಿಯುತ್ತಿದ್ದ ವಾಡಿಕೆಯ ಹಿಂದೆ ಇದೇ ತಿಳಿವಳಿಕೆ ಇದ್ದೀತು. ರಾತ್ರಿಯೂ ಮರೆ ಬೇಕೆನ್ನುವವರಿಗೆ ಶೇಕಡಾ 1ರ ಬಲೆಯೂ ಸಾಲದು. ಒಳಗೆ ಬಟ್ಟೆಯ ಅಸ್ತರಿ ಹಾಕಿಸಬೇಕು, ಇಲ್ಲವೇ ವರಾಂಡದ ದೀಪವನ್ನು ಆರಿಸಿ ಕುಳಿತುಕೊಳ್ಳುವ ಹಳೆಯ ಅಭ್ಯಾಸಕ್ಕೆ ಮರಳಬೇಕು. ಎರಡನೆಯದಕ್ಕೆ ಖರ್ಚಿಲ್ಲ.

ಬಿದಿರು ಯಾರದು?

ಪ್ಲಾಸ್ಟಿಕ್ ಪರದೆಗೆ ಹುಳ ಹಿಡಿಯುವುದಿಲ್ಲ ಎಂಬುದು ಮಾರುವವರ ದೊಡ್ಡ ವಾದ. ಬಿದಿರಿನಲ್ಲಿ ಪಿಷ್ಟ ಇರುವುದರಿಂದ ಕುಟ್ಟೆ ಹುಳಕ್ಕೆ ಅದು ಆಹಾರ, ನಿಜ. ನೀರಿನಲ್ಲಿ ನೆನೆಹಾಕಿ ಪಿಷ್ಟ ಕಳೆಯುವ ಕ್ರಮವನ್ನು ಬಲ್ಲವರು ನಮ್ಮಲ್ಲಿದ್ದಾರೆ. ಅವರೇ ಮೇದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಗವರೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದ ಮೇದರ ಕೇತಯ್ಯನ ಕಾಯಕವೂ ಇದೇ. ಮೊರ, ಬುಟ್ಟಿ, ತಟ್ಟಿ, ಚಾಪೆ, ಏಣಿ, ಬೀಸಣಿಗೆ, ಆಮೇಲೆ ಪಟ್ಟಣದವರಿಗೆ ವರಾಂಡದ ಪರದೆ - ಎಲ್ಲವೂ ಅವರ ಕೈಯಿಂದ ಬರಬೇಕಿತ್ತು.

ಅವರ ಕೈ ಖಾಲಿಯಾದದ್ದು ಪ್ಲಾಸ್ಟಿಕ್ಕಿನಿಂದ ಮಾತ್ರವಲ್ಲ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲು ಸರ್ಕಾರ ಒಪ್ಪಿತು. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ತೆರಬೇಕಾಗಿ ಬಂದ ಬೆಲೆ ಅದರ ನೂರಾರು ಪಟ್ಟು. ಬಿದಿರೇ ಸಿಗುತ್ತಿಲ್ಲವೆಂದು ಬುಟ್ಟಿ ಹೆಣೆಯುವವರು 1970ರ ದಶಕದಲ್ಲಿ ದೂರಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರನ್ನು ಸರ್ಕಾರ ಅಧ್ಯಯನಕ್ಕೆ ಕೋರಿತು.

ಅವರ ತಂಡ ಕಂಡುಕೊಂಡ ಸಂಗತಿಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳು ಕವಲುಗಳು ಹೆಣೆದುಕೊಂಡಿರುತ್ತವೆ. ಬಿದಿರು ಚೆನ್ನಾಗಿ ಬೆಳೆಯಲೆಂದು ಈ ಮುಳ್ಳನ್ನು ಸವರಿಸಲಾಗುತ್ತಿತ್ತು. ಹಾಗೆ ಮಾಡಿದರೆ ಮೆಳೆ ಹಾಳಾಗುತ್ತದೆಂದು ಹಳ್ಳಿಯವರು ಹೇಳುತ್ತಿದ್ದರು. ಅಧ್ಯಯನ ಹಳ್ಳಿಯವರ ಮಾತನ್ನೇ ಎತ್ತಿಹಿಡಿಯಿತು. ಮುಳ್ಳಿನ ಮರೆ ಹೋದೊಡನೆ ಎಳೆಯ ಕಳಲೆ ದನಗಳಿಗೂ ಕಾಡುಪ್ರಾಣಿಗಳಿಗೂ ಸುಲಭದ ತುತ್ತಾಗುತ್ತಿತ್ತು. ಪರದೆಯ ಕಚ್ಚಾವಸ್ತುವಿಗೂ ಒಂದು ಪರದೆ ಇತ್ತು. ಅದನ್ನು ಕಿತ್ತವರು ಅದರ ಉಪಯೋಗವನ್ನು ಯಾರನ್ನೂ ಕೇಳಿರಲಿಲ್ಲ.

ಕಾನೂನಿನ ಕಥೆ ಇನ್ನೂ ನಿಧಾನದ್ದು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿ. 1927ರ ಭಾರತೀಯ ಅರಣ್ಯ ಕಾಯ್ದೆ ಮಾತ್ರ ಅದನ್ನು ಮರವೆಂದು ಕರೆಯಿತು. ಮರವಾದ ಮೇಲೆ ಕಡಿಯಲು, ಸಾಗಿಸಲು ಪರವಾನಗಿಯ ಜಂಜಾಟ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳ ಪಟ್ಟಿಗೆ ಸೇರಿಸಿತು. 2017ರ ತಿದ್ದುಪಡಿಯಲ್ಲಿ, ತೊಂಬತ್ತು ವರ್ಷಗಳ ತರುವಾಯ, ಕೇಂದ್ರ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರು ಎಂಬ ಪದವನ್ನು ತೆಗೆದುಹಾಕಲಾಯಿತು. ಅರಣ್ಯದ ಹೊರಗೆ, ಸ್ವಂತ ಹೊಲದ ಬದುವಿನಲ್ಲಿ ಬಿದಿರು ಬೆಳೆಯುವವರಿಗೆ ಅನುಕೂಲವಾಗಲೆಂಬುದು ಇದರ ಉದ್ದೇಶ. ಕರ್ನಾಟಕಕ್ಕೆ 1963ರ ತನ್ನದೇ ಅರಣ್ಯ ಕಾಯ್ದೆಯಿದೆ.

ಇಷ್ಟಾದರೂ ಮೈಸೂರು, ಬೆಂಗಳೂರುಗಳ ಬಂಬೂ ಬಜಾರುಗಳು ಹೆಸರನ್ನು ಉಳಿಸಿಕೊಂಡಿವೆ. ಬಿದಿರಿನ ಪರದೆಯೇ ಬೇಕೆಂದು ಹೋಗುವವರು ಅಳತೆಯನ್ನು ಚಾವಣಿಯ ಅಂಚಿನಿಂದ ನೆಲದವರೆಗೆ ತೆಗೆದುಕೊಂಡು ಹೋಗಬೇಕು. ಅಗಲ ಆರಡಿ ಮೀರಿದರೆ ಒಂದೇ ಪರದೆಯ ಬದಲು ಎರಡು ಮಾಡಿಸುವುದು ವಾಸಿ, ಸೊಟ್ಟಗೇರುವ ಕಾಟ ಕಡಿಮೆ. ಹಸಿ ಬಿದಿರಿನದು ಬೇಡ. ಮಳೆ ನೀರು ನಿಲ್ಲದಂತೆ ಕೆಳ ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಹಗ್ಗವನ್ನು ಮಕ್ಕಳ ಕೊರಳಿಗೆ ಸಿಗದ ಎತ್ತರದಲ್ಲಿ ಸುತ್ತಿಡಲು ಗೋಡೆಗೊಂದು ಕೊಕ್ಕೆಯನ್ನೂ ಅಂದೇ ಹೊಡೆಸಿಬಿಡಬೇಕು.